ಹಡಗಿನ ಊಟದ ಮೇಜಿಗೆ ಕೈಚೀಲದ ಬಟ್ಟೆ

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ನಾವಿಬ್ಬರೂ ಏಳು ರಾತ್ರಿಗಳ ಕ್ರೂಸ್‌ಗೆ ಹೊರಟಿದ್ದೇವೆ. ಬಂದರಿನವರೆಗೆ ವಿಮಾನ. ಟಿಕೆಟ್ ಅಗ್ಗವಾಗಲೆಂದು ಲಗೇಜ್ ಇಲ್ಲದ ದರ ಆರಿಸಿಕೊಂಡಿದ್ದೇವೆ, ಹಾಗಾಗಿ ತಲಾ 7 ಕೆ.ಜಿ.ಯ ಕೈಚೀಲವಷ್ಟೇ. ಹಡಗಿನವರು ಕಳಿಸಿದ ಸೂಚನೆಯಲ್ಲಿ ಐದು ರಾತ್ರಿ ‘ಸ್ಮಾರ್ಟ್ ಕ್ಯಾಶುವಲ್’ (ಅಚ್ಚುಕಟ್ಟಾದ ಸಾದಾ ಉಡುಪು), ಎರಡು ರಾತ್ರಿ ‘ಫಾರ್ಮಲ್’ (ಸಮಾರಂಭದ ಉಡುಪು) ಎಂದಿದೆ. ಹಿಂದೆ ಹೋಗಿಬಂದ ಗೆಳತಿಯೊಬ್ಬಳು, ರಾತ್ರಿಗೊಂದು ಡ್ರೆಸ್ ಇಲ್ಲದಿದ್ದರೆ ಊಟದ ಹಾಲ್‌ಗೆ ಕಾಲಿಡೋ ಹಾಗೇ ಇಲ್ಲ ಎಂದು ಹೆದರಿಸಿದ್ದಾಳೆ. ನಮ್ಮವರಿಗೆ ಕೋಟು ಕಂಡರೇ ಆಗದು. ಏನು ಒಯ್ಯಲಿ, ಏನು ಬಿಡಲಿ?
(ಖಾಲಿ ಚೀಲದ ಮುಂದೆ ಕೂತವಳು)

ಉತ್ತರ: ಅಂಥ ಗೆಳತಿ ಮೊದಲ ಸಲ ನನಗೂ ಇದ್ದಳು. ಅವಳ ಮಾತು ಕೇಳಿ ಏಳು ರಾತ್ರಿಗೆ ಏಳು ಡ್ರೆಸ್, ನಾಲ್ಕು ಜೊತೆ ಶೂ ತುಂಬಿಕೊಂಡು 23 ಕೆ.ಜಿ.ಯ ಪೆಟ್ಟಿಗೆ ಎಳೆದುಕೊಂಡು ಹೋದೆ. ವಾಪಸು ಬಂದು ಬಿಚ್ಚಿದಾಗ ಮೂರು ಡ್ರೆಸ್‌ಗಳು ನಾನಿಟ್ಟ ಮಡಿಕೆಯಲ್ಲೇ ಮಲಗಿದ್ದವು. ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು ನಾನು. ಬಟ್ಟೆಯ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಜಂಬ ಆ ಪೆಟ್ಟಿಗೆ ಎಳೆಯುವಾಗಲೇ ಅರ್ಧ ಇಳಿದಿತ್ತು, ಬಿಚ್ಚುವಾಗ ಪೂರ್ತಿ ಇಳಿಯಿತು.

ಆ ಸಲ ನಮ್ಮ ಮೇಜಿಗೆ ಎಂಟು ಜನ, ಏಳೂ ರಾತ್ರಿ ಅದೇ ಎಂಟು ಜನ. ನನ್ನ ಎದುರಿಗೆ ಕೂರುತ್ತಿದ್ದ ಹಿರಿಯ ಹೆಂಗಸು ಒಂದು ರಾತ್ರಿ ಮುತ್ತಿನ ಸರ, ಇನ್ನೊಂದು ರಾತ್ರಿ ನವಿಲು ಬಣ್ಣದ ರೇಷ್ಮೆ ಸ್ಟೋಲ್, ಮತ್ತೊಂದು ರಾತ್ರಿ ಬೆಳ್ಳಿಗೂದಲಿಗೆ ಒಪ್ಪುವ ಬೂದು ಟಾಪ್ ತೊಟ್ಟು ಬರುತ್ತಿದ್ದರು. ದಿನಾ ಹೊಸದಾಗಿ ಕಾಣುತ್ತಿದ್ದರು. ನಾಲ್ಕನೇ ರಾತ್ರಿಯೋ ಐದನೇ ರಾತ್ರಿಯೋ, ಕೊನೆಗೂ ತಡೆಯಲಾಗದೆ, ಎಷ್ಟು ಪೆಟ್ಟಿಗೆ ತಂದಿದ್ದೀರಿ ಎಂದು ಕೇಳಿಯೇಬಿಟ್ಟೆ. ಆಕೆ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತು ತಮ್ಮ ಕಪ್ಪು ಪ್ಯಾಂಟ್ ತೋರಿಸಿದರು. ಹತ್ತಿದ ದಿನದಿಂದ ರಾತ್ರಿಗೆಲ್ಲ ಅದೊಂದೇ ಎಂದರು. ಅಷ್ಟು ದಿನ ಎದುರಿಗೇ ಕೂತವಳು ನಾನು, ಬಟ್ಟೆ ನೋಡುವುದೇ ಕಸುಬಾದವಳು, ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಊಟದ ಎರಡು ತಾಸು ಮೇಜುಬಟ್ಟೆಯಿಂದ ಮೇಲಕ್ಕಷ್ಟೇ ನೀವು ಕಾಣುವುದು. ಸೊಂಟದ ಕೆಳಗಿನದಕ್ಕೆ ತೂಕ ಹೊರಬೇಡಿ. ಈ ಒಂದು ಮಾತು ಹಿಡಿದುಕೊಂಡರೆ ಚೀಲದ ಲೆಕ್ಕ ತಾನಾಗಿ ಸರಿಹೋಗುತ್ತದೆ.

ಈಗ ನಾನು ಒಯ್ಯುವುದನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದೆ, ನಿಮಗಾಗಿಯೇ. ಕಪ್ಪು ಕ್ರೇಪ್ ಪ್ಯಾಂಟ್ 320 ಗ್ರಾಂ, ಕಪ್ಪು ನೆರಿಗೆಯ ಸ್ಕರ್ಟ್ 260, ಮೂರು ಟಾಪ್‌ಗಳು ಸೇರಿ 470 (ಒಂದು ಕಪ್ಪು, ಒಂದು ಗಾಢ ಹಸಿರು, ಒಂದಕ್ಕೆ ಕುತ್ತಿಗೆಯ ಬಳಿ ಸಣ್ಣ ಮಣಿಕೆಲಸ), ಸ್ಟೋಲ್ 110, ಮೆತ್ತಗೆ ಮಡಿಚುವ ಕಪ್ಪು ಫ್ಲಾಟ್ ಶೂ 340, ಕಿವಿಯ ಓಲೆ, ಸರ ಇಟ್ಟ ಪುಟ್ಟ ಚೀಲ 80. ಎಲ್ಲ ಸೇರಿ 1 ಕಿಲೋ 580 ಗ್ರಾಂ. ಎರಡು ಕೆಳಗಿನವು, ಮೂರು ಮೇಲಿನವು, ಅಲ್ಲಿಗೆ ಆರು ರಾತ್ರಿ. ಏಳನೆಯದಕ್ಕೆ ಸ್ಟೋಲನ್ನು ಬೇರೆ ಥರ ಸುತ್ತಿಕೊಂಡರಾಯಿತು. ಉಳಿದ ಹತ್ತಿರಹತ್ತಿರ ಐದೂವರೆ ಕಿಲೋ ಹಗಲಿನ ಬಟ್ಟೆಗೆ, ಔಷಧಿಗೆ, ಚಾರ್ಜರ್‌ಗೆ.

ಫಾರ್ಮಲ್ ರಾತ್ರಿಗೆ ಕಪ್ಪು ಟಾಪನ್ನು ಕಪ್ಪು ಪ್ಯಾಂಟಿನ ಮೇಲೆ ಹಾಕಿ. ಮೇಲಿಂದ ಕೆಳಗೆ ಒಂದೇ ಬಣ್ಣ ಇಳಿದರೆ ದೂರಕ್ಕೆ ಉದ್ದನೆಯ ಗೌನಿನಂತೆಯೇ ಕಾಣುತ್ತದೆ. ದೊಡ್ಡ ಓಲೆ, ಸ್ಟೋಲ್, ಸಾಕು. ಒಂದು ಎಚ್ಚರಿಕೆ ಮಾತ್ರ, ಇದು ದರ್ಜಿಯ ಅನುಭವದ್ದು: ಕಪ್ಪು ಎಂಬುದು ಒಂದೇ ಬಣ್ಣವಲ್ಲ. ಎರಡು ಕಡೆ ಕೊಂಡ ಎರಡು ಕಪ್ಪುಗಳನ್ನು ಜೊತೆಗಿಟ್ಟರೆ ಒಂದು ನೀಲಿಗೆ, ಇನ್ನೊಂದು ಕಂದಿಗೆ ತಿರುಗಿರುತ್ತದೆ. ಮನೆಯ ಟ್ಯೂಬ್‌ಲೈಟಿನಲ್ಲಿ ಒಂದಾಗಿ ಕಂಡದ್ದು ಊಟದ ಹಾಲ್‌ನ ಹಳದಿ ಬೆಳಕಿನಲ್ಲಿ ಬೇರೆಬೇರೆಯಾಗಿ ಎದ್ದು ಕಾಣಬಹುದು. ಕಿಟಕಿಯ ಬೆಳಕಿನಲ್ಲೊಮ್ಮೆ, ಹಳದಿ ಬಲ್ಬಿನ ಕೆಳಗೊಮ್ಮೆ ಹಿಡಿದು ನೋಡಿ. ಹೊಲಿಸುವುದಾದರೆ ಎರಡನ್ನೂ ಒಂದೇ ಥಾನಿನಿಂದ ಕತ್ತರಿಸಿ.

ಕಪ್ಪು ಡ್ರೆಸ್ ಇದ್ದರೆ ಪ್ಯಾಂಟಿನ ಬದಲು ಅದೇ ಒಯ್ಯಿರಿ. 1926ರಲ್ಲಿ ಅಮೆರಿಕದ ‘ವೋಗ್’ ಫ್ಯಾಷನ್ ಪತ್ರಿಕೆ ಫ್ರಾನ್ಸಿನ ವಸ್ತ್ರವಿನ್ಯಾಸಕಿ ಕೊಕೊ ಶನೆಲ್ ಅವರ ಸರಳ ಕಪ್ಪು ಡ್ರೆಸ್ಸಿನ ಚಿತ್ರ ಹಾಕಿ ಅದನ್ನು ಫೋರ್ಡ್ ಕಾರಿಗೆ ಹೋಲಿಸಿತ್ತು: ಎಲ್ಲರಿಗೂ ಒಪ್ಪುವಂಥದ್ದು ಎಂಬ ಅರ್ಥದಲ್ಲಿ. ನೂರು ವರ್ಷವಾದರೂ ಹೋಲಿಕೆ ಹಳತಾಗಿಲ್ಲ.

ನೆರಿಗೆ ಸ್ಕರ್ಟ್ ಯಾಕೆಂದರೆ, ಅದು ಸುಕ್ಕಾಗುವುದಿಲ್ಲ. ಸುಕ್ಕೇ ಅದರ ವಿನ್ಯಾಸ ಎನ್ನಿ. ಮರಿಯಾನೊ ಫೋರ್ಚೂನಿ ಎಂಬಾತ ವೆನಿಸ್‌ನಲ್ಲಿ ತಯಾರಿಸಿ 1909ರಲ್ಲಿ ಪೇಟೆಂಟ್ ಪಡೆದ ‘ಡೆಲ್ಫೋಸ್’ ಗೌನನ್ನು ನೂಲಿನ ಲಡಿಯಂತೆ ತಿರುಚಿ ಸುರುಳಿ ಮಾಡಿ ದುಂಡು ಡಬ್ಬಿಯಲ್ಲಿಡುತ್ತಿದ್ದರು. ಅದು ರೇಷ್ಮೆ, ಒಗೆದರೆ ನೆರಿಗೆ ಬಿಟ್ಟುಹೋಗುತ್ತಿತ್ತು. 1993ರಲ್ಲಿ ಜಪಾನಿನ ವಸ್ತ್ರವಿನ್ಯಾಸಕ ಇಸ್ಸೆ ಮಿಯಾಕೆ ‘ಪ್ಲೀಟ್ಸ್ ಪ್ಲೀಸ್’ ಹೆಸರಿನಲ್ಲಿ ಪಾಲಿಯೆಸ್ಟರ್ ನೆರಿಗೆಯ ಉಡುಪು ತಂದರು: ಮೊದಲು ಬೇಕಾದ್ದಕ್ಕಿಂತ ಬಲು ದೊಡ್ಡದಾಗಿ ಕತ್ತರಿಸಿ ಹೊಲಿಯುವುದು, ಆಮೇಲೆ ಕಾಗದಗಳ ನಡುವೆ ಇಟ್ಟು ಬಿಸಿ ಕೊಟ್ಟು ನೆರಿಗೆ ಒತ್ತುವುದು. ಒಗೆದರೂ ಹೋಗದ ನೆರಿಗೆ. ಆ ಹೆಸರಿನದೇ ಬೇಕಿಲ್ಲ, ಅದೇ ಬಗೆಯ ಸಾದಾ ಪಾಲಿಯೆಸ್ಟರ್ ನೆರಿಗೆ ಸ್ಕರ್ಟ್ ಸಾಕು. ನನ್ನದನ್ನು ಹಗ್ಗದಂತೆ ತಿರುಚಿ ಕಾಲುಚೀಲವೊಂದರಲ್ಲಿ ತುರುಕುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ಲಿನನ್ ಬೇಡ. ಎಷ್ಟೇ ಚೆಂದವಿರಲಿ, ಹಡಗಿನ ಕ್ಯಾಬಿನ್‌ನಲ್ಲಿ ಅದಕ್ಕೆ ಮದ್ದಿಲ್ಲ.

ಇನ್ನು ನಿಮ್ಮವರ ಕೋಟು. ಒಳಪದರವಿಲ್ಲದ, ಜರ್ಸಿ ಬಟ್ಟೆಯ (ಟೀ ಶರ್ಟಿನಂತೆ ಹೆಣೆದ, ಹಿಗ್ಗುವ ಬಟ್ಟೆ) ಕಡುನೀಲಿ ಬ್ಲೇಜರ್ ಎಂದು ಕೇಳಿ ನೋಡಿ. ಹೆಗಲಿಗೆ ದಿಂಬು ತುಂಬಿರುವುದಿಲ್ಲ, ಸ್ವೆಟರ್ ಹಾಕಿಕೊಂಡ ಹಾಗೆ ಇರುತ್ತದೆ. ಅದನ್ನು ಚೀಲಕ್ಕೆ ಹಾಕಬೇಡಿ, ವಿಮಾನದಲ್ಲಿ ಮೈಮೇಲೆಯೇ ಇರಲಿ. ಮೈಮೇಲಿನದನ್ನು ಸಾಮಾನ್ಯವಾಗಿ ಯಾರೂ ತೂಗುವುದಿಲ್ಲ, ಅದರ ಜೇಬುಗಳು ಬೋನಸ್ಸು. ಜೊತೆಗೆ ಒಂದು ಗಾಢ ಬಣ್ಣದ ಪ್ಯಾಂಟ್, ಕಾಲರ್ ಇರುವ ಎರಡು ಶರ್ಟ್, ಒಂದು ಟೈ. ಶೂ ಒಂದೇ ಜೊತೆ: ಕಪ್ಪು ಅಥವಾ ಗಾಢ ಕಂದು ಬಣ್ಣದ, ನಡೆಯಲೂ ಆಗುವ, ಊಟಕ್ಕೂ ಒಪ್ಪುವ ಚರ್ಮದ್ದು. ಚೀಲದಲ್ಲಿ ಬಟ್ಟೆಗಿಂತ ಭಾರವಾದದ್ದು ಶೂಗಳೇ, ನಿಮ್ಮದಾಗಲಿ ಅವರದ್ದಾಗಲಿ. ಎತ್ತರದ ಮೊನಚು ಹಿಮ್ಮಡಿಯದನ್ನು ಮನೆಯಲ್ಲೇ ಬಿಡಿ. ಸಮುದ್ರ ಸ್ವಲ್ಪ ಎದ್ದರೂ ಹಡಗು ಓಲಾಡುತ್ತದೆ. ಊಟದ ಹಾಲ್‌ನಿಂದ ಲಿಫ್ಟಿನವರೆಗೆ ಕಂಬಿ ಹಿಡಿದು ನಡೆದ ಹೆಂಗಸರ ಸಾಲಿನಲ್ಲಿ ಒಮ್ಮೆ ನಾನೂ ಇದ್ದೆ.

ಕೋಟು ಬೇಕೇಬೇಕೆ ಎಂಬುದು ಹಡಗಿನ ಕಂಪನಿಯ ಮೇಲೆ. ‘ಫಾರ್ಮಲ್’ ಎಂಬ ಪದ ಎಲ್ಲ ಕಡೆ ಒಂದೇ ಅರ್ಥ ಕೊಡುವುದಿಲ್ಲ. ಕ್ಯೂನಾರ್ಡ್ ಹಡಗುಗಳ ಗಾಲಾ ರಾತ್ರಿಗಳಲ್ಲಿ ಅದು ನಿಜಕ್ಕೂ ಫಾರ್ಮಲ್: ಗಂಡಸರಿಗೆ ಟಕ್ಸೀಡೊ (ಬೋ ಟೈ ಜೊತೆ ತೊಡುವ ಸಂಜೆಯ ಕಪ್ಪು ಸೂಟು) ಅಥವಾ ಗಾಢ ಬಣ್ಣದ ಸೂಟು, ಟೈ. ಮುಖ್ಯ ಊಟದ ಹಾಲ್‌ನಲ್ಲಿ ಅದಿಲ್ಲದೆ ಸಾಮಾನ್ಯವಾಗಿ ನಡೆಯದು. ಕಾರ್ನಿವಲ್‌ನಲ್ಲಿ ಅದೇ ಬಗೆಯ ರಾತ್ರಿಗೆ ‘ಎಲಿಗೆಂಟ್’ ಎಂದು ಹೆಸರು, ಕಾಲರ್ ಶರ್ಟೂ ಒಳ್ಳೆಯ ಪ್ಯಾಂಟೂ ಇದ್ದರೆ ಯಾರೂ ತಡೆಯುವುದಿಲ್ಲ. ಸೆಲೆಬ್ರಿಟಿ ಕಂಪನಿ 2015ರಲ್ಲಿ ಫಾರ್ಮಲ್ ರಾತ್ರಿಯನ್ನೇ ತೆಗೆದು ‘ಈವ್ನಿಂಗ್ ಶಿಕ್’ ಎಂದು ಸಡಿಲಿಸಿತು. ನಾರ್ವೀಜಿಯನ್ ಕಂಪನಿ 2000ದಲ್ಲೇ ‘ಫ್ರೀಸ್ಟೈಲ್’ ಎಂಬ ಪದ್ಧತಿ ತಂದು ಕಡ್ಡಾಯ ಫಾರ್ಮಲ್ ರಾತ್ರಿಗೆ ವಿದಾಯ ಹೇಳಿತು. ವೈಕಿಂಗ್‌ನಲ್ಲೂ ಫಾರ್ಮಲ್ ರಾತ್ರಿ ಇಲ್ಲ. ನಿಮ್ಮ ಸೂಚನೆಯ ಕಾಗದದಲ್ಲಿ ‘ಕಡ್ಡಾಯ’ ಎಂದಿದೆಯೋ ‘ಸಲಹೆ’ ಎಂದಿದೆಯೋ, ಆ ಒಂದು ಪದ ಹುಡುಕಿ. ಜೊತೆಗೆ ಬಣ್ಣದ ರಾತ್ರಿ ಇದೆಯೇ ನೋಡಿ. ವರ್ಜಿನ್ ವಾಯೇಜಸ್‌ನಲ್ಲಿ ಡ್ರೆಸ್ ಕೋಡ್ ಇಲ್ಲ, ಆದರೆ ‘ಸ್ಕಾರ್ಲೆಟ್ ನೈಟ್’ ಎಂದು ಎಲ್ಲರೂ ಕೆಂಪು ತೊಡುವ ರಾತ್ರಿ ಇದೆ. ಕೆಂಪು ಸ್ಟೋಲ್ ಒಯ್ದರೆ ಅದಕ್ಕೂ ಆಯಿತು, ಊಟದ ಹಾಲ್‌ನ ಎ.ಸಿ. ಚಳಿಗೂ ಆಯಿತು.

ಇಷ್ಟಾದ ಮೇಲೂ ನಿಮ್ಮವರು ಒಪ್ಪದಿದ್ದರೆ, ಫಾರ್ಮಲ್ ರಾತ್ರಿ ಬಫೆಗೆ ಹೋಗಿ. ಕ್ಯೂನಾರ್ಡ್‌ನಲ್ಲೂ ಆ ದಾರಿ ತೆರೆದೇ ಇದೆ. ನಾವು ಮೂರನೇ ಪ್ರಯಾಣದಲ್ಲಿ ಎರಡೂ ಫಾರ್ಮಲ್ ರಾತ್ರಿ ಬಫೆಯಲ್ಲೇ ಉಂಡೆವು. ಎಲ್ಲರೂ ಕೆಳಗೆ ಶೃಂಗಾರ ಮಾಡಿಕೊಂಡು ಕೂತಿದ್ದರಿಂದ ಬಫೆಯಲ್ಲಿ ಕಿಟಕಿ ಪಕ್ಕದ ಮೇಜು ಸಿಕ್ಕಿತು. ಫೋಟೋದ ಚಿಂತೆಯೂ ಬೇಡ. ಹಡಗಿನ ಫೋಟೋಗ್ರಾಫರ್ ಕರೆದರೆ ಬೇಡವೆಂದು ತಲೆಯಾಡಿಸಿ ಮುಂದೆ ಹೋಗಬಹುದು. ತೆಗೆಸಿಕೊಂಡರೂ ಕೊಳ್ಳಲೇಬೇಕೆಂದಿಲ್ಲ.

ಪ್ರಶ್ನೆ: ಕಡಿಮೆ ಬಟ್ಟೆ ಎಂದರೆ ಒಗೆಯಲೇಬೇಕು. ಕ್ಯಾಬಿನ್‌ನಲ್ಲಿ ಒಗೆದು ಒಣಗಿಸಲು ಆಗುತ್ತದೆಯೇ? ಚಿಕ್ಕ ಇಸ್ತ್ರಿ ಪೆಟ್ಟಿಗೆ ಕೊಂಡಿದ್ದೇನೆ, ಅದನ್ನು ಒಯ್ಯಬಹುದೇ?

ಉತ್ತರ: ಇಸ್ತ್ರಿ ಪೆಟ್ಟಿಗೆ ಮನೆಯಲ್ಲೇ ಇರಲಿ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯವಿಲ್ಲ, ಆದ್ದರಿಂದ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಕ್ಯಾಬಿನ್‌ನಲ್ಲಿ ಇಸ್ತ್ರಿ ಪೆಟ್ಟಿಗೆ, ಸ್ಟೀಮರ್ ಎರಡನ್ನೂ ನಿಷೇಧಿಸಿವೆ. ನಾನು ಓದದೆ ಒಯ್ದ ಸ್ಟೀಮರನ್ನು ಹತ್ತುವಾಗಲೇ ಸ್ಕ್ಯಾನರ್ ಹಿಡಿಯಿತು. ಚೀಟಿ ಅಂಟಿಸಿ ತೆಗೆದಿಟ್ಟುಕೊಂಡರು, ಇಳಿಯುವ ದಿನ ಸಾಲಿನಲ್ಲಿ ನಿಂತು ವಾಪಸು ಪಡೆದೆ. ಅದೂ ಸಮುದ್ರಯಾನ ಮಾಡಿ ಬಂತು ಎಂದು ನಮ್ಮವರು ಇನ್ನೂ ಆಡಿಕೊಳ್ಳುತ್ತಾರೆ.

ಒಗೆಯಲು ಆಗುತ್ತದೆ, ಆದರೆ ಬಟ್ಟೆ ನೋಡಿ. ಪಾಲಿಯೆಸ್ಟರ್ ಕ್ರೇಪ್, ತೆಳು ಜರ್ಸಿ ರಾತ್ರಿ ಒಗೆದರೆ ಮರುದಿನ ಸಂಜೆಗೆ ಖಂಡಿತ ಸಿದ್ಧ. ದಪ್ಪ ಹತ್ತಿಯನ್ನು ಒಗೆದಿರೋ, ಎರಡು ದಿನವಾದರೂ ಹಸಿಹಸಿ, ಮೇಲೆ ಮುಗ್ಗಲು ವಾಸನೆ. ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಆದರೆ ಕೇಳುವುದೇ ಬೇಡ.

ಕೈಯಲ್ಲಿ ಜೋರಾಗಿ ಹಿಂಡಬೇಡಿ, ಆ ಗೆರೆ ಆಮೇಲೆ ಹೋಗುವುದಿಲ್ಲ. ಒಣಗಿದ ಟವೆಲನ್ನು ಹಾಸಿಗೆಯ ಮೇಲೆ ಹರಡಿ, ಅದರ ಮೇಲೆ ಒದ್ದೆ ಟಾಪನ್ನು ತೋಳು ಬಿಡಿಸಿ ಚಪ್ಪಟೆಯಾಗಿ ಇಡಿ. ಎರಡನ್ನೂ ಸೇರಿಸಿ ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿ. ಸುರುಳಿಯ ಮೇಲೆ ಮೊಣಕಾಲೂರಿ, ಈ ತುದಿಯಿಂದ ಆ ತುದಿಯವರೆಗೆ ಒತ್ತುತ್ತಾ ಹೋಗಿ. ಬಿಚ್ಚಿದಾಗ ಟವೆಲ್ ಒದ್ದೆ, ಟಾಪ್ ಬರೀ ತಣ್ಣಗೆ ಇರಬೇಕು. ಅನೇಕ ಹಡಗುಗಳ ಬಚ್ಚಲಿನಲ್ಲಿ ಶವರ್ ಪಕ್ಕದ ಗೋಡೆಗೆ ಪುಟ್ಟ ದುಂಡು ಬಿಲ್ಲೆಯೊಂದು ಇರುತ್ತದೆ. ಮೊದಲ ಸಲ ಅದೇನೋ ಬಟನ್ ಎಂದು ಮುಟ್ಟದೆ ಬಿಟ್ಟಿದ್ದೆ. ಎಳೆದರೆ ದಾರ ಬರುತ್ತದೆ, ಎದುರು ಗೋಡೆಯ ಕೊಕ್ಕೆಗೆ ಸಿಕ್ಕಿಸಬೇಕು. ಟಾಪನ್ನು ದಾರದ ಮೇಲೆ ನೇರ ಹಾಕದೆ ಹ್ಯಾಂಗರಿಗೆ ಹಾಕಿ ತೂಗುಬಿಡಿ, ಹೊಲಿಗೆಗಳನ್ನು ಬೆರಳಲ್ಲಿ ನೀವಿ ಎಳೆಯಿರಿ. ಒಣಗುವಾಗ ಅದೇ ಇಸ್ತ್ರಿ. ಕ್ಯಾಬಿನ್ನಿನ ಗೋಡೆಗಳು ಸಾಮಾನ್ಯವಾಗಿ ಲೋಹದವು, ಎರಡು ಅಯಸ್ಕಾಂತದ ಕೊಕ್ಕೆ ಒಯ್ದರೆ ಎಲ್ಲಿ ಬೇಕೋ ಅಲ್ಲಿ ನೇತುಹಾಕಬಹುದು.

ಕಾರ್ನಿವಲ್, ಪ್ರಿನ್ಸೆಸ್ ಹಡಗುಗಳಲ್ಲಿ ನಾವೇ ಒಗೆದುಕೊಳ್ಳುವ ಲಾಂಡ್ರಿ ಕೋಣೆಗಳಿವೆ, ಇಸ್ತ್ರಿಯೂ ಅಲ್ಲೇ. ವೈಕಿಂಗ್‌ನ ಸಮುದ್ರ ಹಡಗುಗಳಲ್ಲಿ ಅದು ಉಚಿತ. ರಾಯಲ್ ಕೆರಿಬಿಯನ್‌ನಲ್ಲಿ ಅಂಥ ಕೋಣೆ ಇಲ್ಲ, ದುಡ್ಡು ಕೊಟ್ಟು ಹಡಗಿನವರಿಗೇ ಕೊಡಬೇಕು.

ಪ್ರಶ್ನೆ: ಹದಿನೈದರ ಮಗ ಚಡ್ಡಿ, ರಬ್ಬರ್ ಚಪ್ಪಲಿ ಬಿಟ್ಟು ಬೇರೇನೂ ಹಾಕುವುದಿಲ್ಲ ಎಂದು ಹಟ ಹಿಡಿದಿದ್ದಾನೆ. ಬಿಡುತ್ತಾರೆಯೇ?

ಉತ್ತರ: ಬಫೆಗೆ ಬಿಡುತ್ತಾರೆ. ಮುಖ್ಯ ಊಟದ ಹಾಲ್‌ನಲ್ಲಿ ಈಜುಡುಗೆ, ತೋಳಿಲ್ಲದ ಬನಿಯನ್, ಕ್ಯಾಪು, ರಬ್ಬರ್ ಚಪ್ಪಲಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಚಡ್ಡಿಯ ವಿಷಯದಲ್ಲಿ ಕಂಪನಿಗೊಂದು ನಿಯಮ. ಒಂದು ಗಾಢ ಬಣ್ಣದ ಪ್ಯಾಂಟು, ಒಂದು ಪೋಲೊ ಶರ್ಟು ನೀವೇ ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಳ್ಳಿ. ಮೂರನೇ ರಾತ್ರಿ ಹೊತ್ತಿಗೆ ಅವನ ವಯಸ್ಸಿನ ಹುಡುಗ ಹುಡುಗಿಯರು ಪರಿಚಯವಾಗಿರುತ್ತಾರೆ, ತಾನಾಗಿಯೇ ಕೇಳುತ್ತಾನೆ. ಇನ್ನೊಂದು ಮಾತು, ಊಟಕ್ಕೆ ಸಂಬಂಧವಿಲ್ಲದಿದ್ದರೂ: ಅವನ ಚಡ್ಡಿ ಸೈನಿಕರ ಸಮವಸ್ತ್ರದಂಥ ಪಟ್ಟೆಮಚ್ಚೆಯ ಬಟ್ಟೆಯದಾಗಿದ್ದು ಹಡಗು ಬಾರ್ಬಡೋಸ್, ಜಮೈಕಾ ಕಡೆ ಹೋಗುವುದಾದರೆ ಅದನ್ನು ಒಯ್ಯಲೇಬೇಡಿ. ಅಲ್ಲಿ ಸಾಮಾನ್ಯ ಜನ ಅದನ್ನು ತೊಡುವುದು ಕಾನೂನಿಗೆ ವಿರುದ್ಧ, ಮಕ್ಕಳೂ ಸೇರಿ.

ಪ್ರಶ್ನೆ: ನಾವು ದೊಡ್ಡ ಪೆಟ್ಟಿಗೆಯನ್ನೇ ಒಯ್ಯುವವರು. ಹಾಗಾದರೆ ನಿಮ್ಮ ಕೈಚೀಲದ ಉಪದೇಶ ನಮಗೆ ಅನ್ವಯಿಸುವುದಿಲ್ಲ ತಾನೇ?

ಉತ್ತರ: ಎರಡು ರಾತ್ರಿಗಾದರೂ ಅನ್ವಯಿಸುತ್ತದೆ. ಬಂದರಿನಲ್ಲಿ ಪೆಟ್ಟಿಗೆ ಕೊಟ್ಟುಬಿಟ್ಟರೆ ಅದು ಕ್ಯಾಬಿನ್ ಬಾಗಿಲಿಗೆ ಬರುವುದು ಅದಕ್ಕೆ ಮನಸ್ಸಾದಾಗ. ಸಾವಿರಾರು ಪೆಟ್ಟಿಗೆಗಳ ನಡುವೆ ನಿಮ್ಮದೂ ಒಂದು. ನಮ್ಮದು ಒಮ್ಮೆ ಊಟ ಮುಗಿಸಿ ಬಂದ ಮೇಲೆ ಬಂತು. ಪ್ರಯಾಣದ ಬೆವರಿನ ಅಂಗಿಯಲ್ಲೇ ಉಂಡೆವು. ಈ ಕಾರಣಕ್ಕೇ ಮೊದಲ ರಾತ್ರಿ ಸಾಮಾನ್ಯವಾಗಿ ಫಾರ್ಮಲ್ ಇರುವುದಿಲ್ಲ, ಆದರೂ ಕೈಚೀಲದಲ್ಲಿ ಒಂದು ಶುಭ್ರ ಟಾಪ್, ಒಂದು ಶರ್ಟು ಇದ್ದರೆ ಮನಸ್ಸಿಗೆ ಹಿತ.

ಕೊನೆಯ ರಾತ್ರಿಯ ಕತೆ ಇನ್ನೂ ಕಷ್ಟದ್ದು. ಪೆಟ್ಟಿಗೆಗೆ ಚೀಟಿ ಕಟ್ಟಿ ಮಲಗುವ ಮೊದಲೇ ಬಾಗಿಲ ಹೊರಗಿಡಬೇಕು, ರಾತ್ರೋರಾತ್ರಿ ಒಯ್ದುಬಿಡುತ್ತಾರೆ, ಮತ್ತೆ ಸಿಗುವುದು ಇಳಿದ ಮೇಲೆ ಬಂದರಿನಲ್ಲೇ. ನಮ್ಮವರು ಬಲು ಅಚ್ಚುಕಟ್ಟಿನ ಮನುಷ್ಯ. ಊಟ ಮುಗಿಸಿ ಬಂದವರೇ ಪ್ಯಾಂಟು ಬಿಚ್ಚಿ ಮಡಿಸಿ, ಉಳಿದ ಪ್ಯಾಂಟುಗಳ ಜೊತೆಗಿಟ್ಟು, ಬೀಗ ಹಾಕಿ, ಹೊರಗಿಟ್ಟು, ನೆಮ್ಮದಿಯಾಗಿ ಮಲಗಿದರು. ಬೆಳಿಗ್ಗೆ ಎದ್ದು ನೋಡಿದರೆ ಕುರ್ಚಿಯ ಮೇಲೆ ಬ್ಲೇಜರ್ ಇದೆ, ಕಾಲಲ್ಲಿ ಗೆರೆಗೆರೆಯ ಪೈಜಾಮ ಇದೆ, ಮಧ್ಯೆ ಬೇರೇನೂ ಇಲ್ಲ. ಹಾಗೆಯೇ ಇಳಿದರು. ಪಾಸ್‌ಪೋರ್ಟ್ ನೋಡುವ ಅಧಿಕಾರಿ ಮೇಲಿಂದ ಕೆಳಗೊಮ್ಮೆ ನೋಡಿ ಏನೂ ಕೇಳದೆ ಮುದ್ರೆ ಒತ್ತಿದರು. ಕೌಂಟರ್ ಸ್ವಲ್ಪ ಎತ್ತರವಿದ್ದಿದ್ದರೆ ಬ್ಲೇಜರ್ ಅಷ್ಟೇ ಕಾಣುತ್ತಿತ್ತು ಎಂಬುದು ನಮ್ಮವರ ವಾದ.

ಪ್ರಶ್ನೆ: ದುಡ್ಡು ಕೊಟ್ಟು ರಜೆಗೆ ಹೋಗುವವರು ನಾವು. ಏನು ಉಡಬೇಕೆಂದು ಹೇಳಲು ಹಡಗಿನವರು ಯಾರು? ಡ್ರೆಸ್ ಕೋಡ್ ಎಂಬುದೇ ಹಳೇ ಕಾಲದ ಡೌಲು ಅಲ್ಲವೇ?

ಉತ್ತರ: ಡೌಲು ಹೌದು. ಕ್ಯೂನಾರ್ಡ್ 1840ರಲ್ಲಿ ಹಡಗು ಓಡಿಸಲು ಶುರುಮಾಡಿದ ಕಂಪನಿ. ಅಂಥವರ ದೊಡ್ಡ ಹಡಗುಗಳಲ್ಲಿ ಅಟ್ಲಾಂಟಿಕ್ ದಾಟುವ ಶ್ರೀಮಂತರಿಗೆ ಸಂಜೆ ಮಾಡಲು ಬೇರೆ ಕೆಲಸವಿರಲಿಲ್ಲ, ಶೃಂಗಾರ ಮಾಡಿಕೊಂಡು ಊಟಕ್ಕೆ ಇಳಿಯುವುದೇ ಕೆಲಸ. ಕ್ವೀನ್ ಮೇರಿ 2 ಇವತ್ತಿಗೂ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಏಳು ರಾತ್ರಿಗಳಲ್ಲಿ ಹೋಗುತ್ತದೆ, ಅದರಲ್ಲಿ ಹೋಗುವವರಲ್ಲಿ ಅನೇಕರು ಆ ಡೌಲಿಗೋಸ್ಕರವೇ ಹೋಗುತ್ತಾರೆ. ಬೇಡವಾದವರಿಗೆ ಬೇರೆ ಹಡಗುಗಳಿವೆ, ಮೇಲೆ ಹೆಸರು ಹೇಳಿದ್ದೇನೆ. ಟಿಕೆಟ್ ಕೊಳ್ಳುವ ಮೊದಲು ಆರಿಸಿಕೊಳ್ಳಿ, ಕೊಂಡ ಮೇಲೆ ಊಟದ ಹಾಲ್‌ನ ಬಾಗಿಲಲ್ಲಿ ನಿಂತ ಹುಡುಗನ ಜೊತೆ ಜಗಳಕ್ಕಿಳಿಯಬೇಡಿ. ನಿಯಮ ಮಾಡಿದವನು ಅವನಲ್ಲ, ಇಡೀ ಸಂಜೆ ಬಿಗಿ ಕಾಲರ್ ಹಾಕಿ ನಿಂತಿರುವವನೂ ಅವನೇ.

ನನ್ನನ್ನು ಕೇಳಿದರೆ, ಏಳರಲ್ಲಿ ಒಂದು ರಾತ್ರಿ ಓಲೆ ಹಾಕಿಕೊಂಡು, ಸ್ಟೋಲ್ ಹೊದ್ದು, ದೊಡ್ಡ ಮೆಟ್ಟಿಲು ಇಳಿದು ಹೋಗುವುದು ನನಗೆ ಇಷ್ಟವೇ. ಎರಡನೆಯ ರಾತ್ರಿಗೆ ಆ ಉತ್ಸಾಹ ಉಳಿದಿರುವುದಿಲ್ಲ. ಆಗ ನಾವು ಬಫೆಯಲ್ಲಿ, ಕಿಟಕಿ ಪಕ್ಕ ಸಿಗುತ್ತೇವೆ.